ಮೂವತ್ತೊಂದನೆಯ ಪ್ರಶ್ನೆ

ಶುಕ್ರವಾರ ಬೆಳಗ್ಗೆ ಒಂಬತ್ತೂವರೆಗೆ ಪ್ರಿನ್ಸಿಪಾಲರು ತಮ್ಮ ಫೋನನ್ನು ಸತ್ತ ಇಲಿಯನ್ನಿಡುವಂತೆ ಮೇಜಿನ ಮೇಲಿಟ್ಟರು.

"ನೋಡಿ. ನಿಮ್ಮ ಪ್ರಶ್ನೆಪತ್ರಿಕೆ ಬುಧವಾರ ರಾತ್ರಿಯಿಂದ ಊರೆಲ್ಲ ಸುತ್ತುತ್ತಿದೆ."

ಅಕ್ಕ ಕನ್ನಡಕ ಏರಿಸಿ ನೋಡಿದಳು. 'ಅಸಲಿ ಪರೀಕ್ಷೆಯಂತೆಯೇ! ಇಂಥ ಹತ್ತು ಕಟ್ಟು ನಮ್ಮಲ್ಲಿವೆ!' ಎಂಬ ತಲೆಬರಹ. ಕೆಳಗೆ ಐವತ್ತು ಪ್ರಶ್ನೆ. ಒಂದೊಂದನ್ನೂ ಅವಳೇ ಕೂತು ಬರೆದಿದ್ದಳು. ಅವಳ ಮೈ ಉರಿದುಹೋಯಿತು.

ನೆಟ್‌ವರ್ಕ್ ಕಲಿಸುವ ಆ ಸಂಸ್ಥೆಯಲ್ಲಿ ಅಕ್ಕ ಹದಿನಾಲ್ಕು ವರ್ಷಗಳಿಂದ ಲ್ಯಾಬ್ ನೋಡಿಕೊಳ್ಳುತ್ತಿದ್ದಳು. ಚಿಕ್ಕವರು, ದೊಡ್ಡವರು ಎಲ್ಲರಿಗೂ ಅವಳು ಅಕ್ಕನೇ. ವರ್ಷಕ್ಕೊಮ್ಮೆ ಅವಳೇ ಒಂದು ಮಾದರಿ ಪರೀಕ್ಷೆ ಮಾಡುತ್ತಿದ್ದಳು. ಅದರಲ್ಲಿ ಮೊದಲು ಬಂದವರನ್ನು ಸಂಸ್ಥೆಯೇ ಪ್ರಮಾಣಪತ್ರದ ಅಸಲಿ ಪರೀಕ್ಷೆಗೆ ಕಳಿಸುತ್ತಿತ್ತು. ಈ ಸಲದ ಹೆಸರು ಇವತ್ತು ಮಧ್ಯಾಹ್ನ ಹನ್ನೆರಡರೊಳಗೆ ಹೋಗಬೇಕಿತ್ತು.

"ನಿನ್ನೆ ಮೊದಲು ಬಂದವನು ಯಾರು? ನಿಮ್ಮ ಲಿಫ್ಟಣ್ಣ. ತೊಂಬತ್ತನಾಲ್ಕು ಅಂಕ! ಎರಡು ಸಲ ಫೇಲಾದವನು. ಅವನ ಹೆಸರು ಹೊಡೆದುಹಾಕ್ತಿದೀನಿ," ಎಂದರು ಪ್ರಿನ್ಸಿಪಾಲರು.

"ಅವನೇ ಕದ್ದ ಅಂತ ಹೇಗೆ ಹೇಳ್ತೀರಿ?"

"ಮೂವತ್ತೊಂದನೇ ಪ್ರಶ್ನೆ ನೋಡಿ. ನೀವು ಅಚ್ಚು ಹಾಕಿಸಿದ ಪತ್ರಿಕೆಯಲ್ಲಿರೋ ಚಿತ್ರ ಅಲ್ಲ ಇದು, ಕದ್ದವನು ಸೇರಿಸಿದ್ದು."

ಆ ಪ್ರಶ್ನೆಯಲ್ಲಿ ಲ್ಯಾಬಿನ ಸ್ವಿಚ್ಚಿನ ಪರದೆಯ ಚಿತ್ರವಿತ್ತು. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆಗೆ ಅಲ್ಲಿ ಸ್ವಿಚ್ ಎನ್ನುತ್ತಾರೆ. ಚಿತ್ರದ ಮೂಲೆಯಲ್ಲಿ ಸಮಯ 18:20, ಅಂದರೆ ಸಂಜೆ ಆರು ಇಪ್ಪತ್ತು.

"ನೀವು ಪತ್ರಿಕೇನ ಲ್ಯಾಬ್ ಕಂಪ್ಯೂಟರಿಗೆ ಹಾಕಿದ್ದು ಮಂಗಳವಾರ ಸಂಜೆ. ಹಾಕಿ ಬೀಗ ಜಡಿದ್ರಿ. ಪರೀಕ್ಷೆ ಗುರುವಾರ ಬೆಳಗ್ಗೆ. ನಡುವೆ ಲ್ಯಾಬ್ ತೆರೆದಿದ್ದು ಬುಧವಾರ ಸಂಜೆ ಒಂದೇ ಹೊತ್ತು. ಆರರಿಂದ ಏಳರವರೆಗೆ ರಿಜಿಸ್ಟರಲ್ಲಿ ಒಂದೇ ಹೆಸರಿದೆ."

ಅಕ್ಕ ಚಿತ್ರವನ್ನು ದೊಡ್ಡದು ಮಾಡಿದಳು. ಆ ಚಿತ್ರ ಅವಳದ್ದಲ್ಲ, ನಿಜ. ಆದರೆ ಮಂಗಳವಾರ ಅವಳು ಮೂವತ್ತೊಂದರಲ್ಲಿ ಚಿತ್ರದ ಜಾಗವನ್ನು ಖಾಲಿ ಬಿಟ್ಟಿದ್ದಳು. ಬೇರೆಯದೇ ಚಿತ್ರ ಹಾಕಿ ಅಚ್ಚು ತೆಗೆದದ್ದು ಗುರುವಾರ ಪರೀಕ್ಷೆಗೆ ಅರ್ಧ ಗಂಟೆ ಮೊದಲು. ಈ ವಿಷಯ ಅವಳಿಗೊಬ್ಬಳಿಗೇ ಗೊತ್ತಿತ್ತು.

"ಹನ್ನೊಂದಕ್ಕೆ ಎಲ್ಲರನ್ನೂ ಲ್ಯಾಬಿಗೆ ಕರೀರಿ," ಎಂದಳು. "ಭಾನುವಾರ ಪಾಠ ಮಾಡೋ ಮೇಷ್ಟ್ರನ್ನೂ."

* * *

ಲಿಫ್ಟಣ್ಣ ಮೆಟ್ಟಿಲ ಮೇಲೆ ಕೂತಿದ್ದ. ವಯಸ್ಸು ನಲವತ್ತೆರಡು. ಇಪ್ಪತ್ತು ವರ್ಷ ಲಿಫ್ಟ್ ರಿಪೇರಿ ಮಾಡಿ ಬಲಮೊಣಕಾಲು ಸೋತಿತ್ತು. ಇನ್ನು ಏಣಿ ಹತ್ತಕೂಡದೆಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಅವನಿಗೆ ಕೂತು ಮಾಡುವ ಕೆಲಸ ಬೇಕಿತ್ತು, ಆ ಕೆಲಸಕ್ಕೆ ಪ್ರಮಾಣಪತ್ರ ಬೇಕಿತ್ತು.

"ನೀನು ಕದ್ದೆಯೇನಪ್ಪಾ?" ಅಕ್ಕ ನೇರವಾಗಿ ಕೇಳಿದಳು.

"ಇಲ್ಲ ಅಕ್ಕ."

"ಬುಧವಾರ ಸಂಜೆ ಏನು ಮಾಡ್ತಿದ್ದೆ?"

"ಕೇಬಲ್ ಕಿತ್ತು ಹಾಕ್ತಿದ್ದೆ." ಅವನು ನಾಚಿಕೊಂಡ. "ಅಸಲಿ ಥರದ ಮಾದರಿ ಪರೀಕ್ಷೆಗೋಸ್ಕರ ನಾನು ಅಲೆಯದ ಜಾಗ ಇಲ್ಲ. ಅರ್ಧದ ಉತ್ತರಾನೇ ತಪ್ಪು. ಉಳಿದರ್ಧ ಬಾಯಿಪಾಠಕ್ಕೆ ಮಾತ್ರ. ಅದನ್ನ ನಂಬಿಯೇ ಎರಡು ಸಲ ಹಳ್ಳಕ್ಕೆ ಬಿದ್ದೆ. ಈಗ ಕಣ್ಣು ಮುಚ್ಚಿಕೊಂಡು ಎರಡು ಕೇಬಲ್ ಅದಲುಬದಲು ಮಾಡ್ತೀನಿ. ಆಮೇಲೆ ಎಲ್ಲಿ ಕೆಟ್ಟಿದೆ ಅಂತ ಹುಡುಕ್ತೀನಿ. ಲಿಫ್ಟಲ್ಲಿ ನಾವು ಕಲಿತಿದ್ದೇ ಹೀಗೆ."

ಅಕ್ಕನಿಗೆ ನಗು ಬಂತು. ಲ್ಯಾಬಿನ ಕೇಬಲ್ಲುಗಳು ವಾರಕ್ಕೆರಡು ಸಲ ಯಾಕೆ ಜಾಗ ಬದಲಿಸುತ್ತಿದ್ದವು ಎಂಬುದು ಅಂತೂ ಗೊತ್ತಾಯಿತು.

* * *

ಲ್ಯಾಬಿನಲ್ಲಿ ಅಕ್ಕ ನೆಟ್ಟಗೆ ಸ್ವಿಚ್ಚುಗಳ ಕಪಾಟಿನ ಬಳಿ ಹೋದಳು. ಅವಳದೊಂದು ಅಭ್ಯಾಸವಿತ್ತು. ಕರೆಂಟು ತೆಗೆದು ಮತ್ತೆ ಹಾಕಿದಾಗಲೆಲ್ಲ ದಿನವನ್ನೂ ಗಂಟೆಯನ್ನೂ ಒಂದು ಬಿಳಿ ಪಟ್ಟಿಯ ಮೇಲೆ ಬರೆದು ಕಪಾಟಿಗೆ ಅಂಟಿಸುತ್ತಿದ್ದಳು. ಹಳೆಯ ಪಟ್ಟಿಗಳ ಮೇಲೆ ಹೊಸ ಪಟ್ಟಿ ಇತ್ತು: 'ಮಂಗಳವಾರ, ಸಂಜೆ 5. ಬ್ಯಾಟರಿ ಬದಲಾಯಿಸಿ ಆನ್ ಮಾಡಿದ್ದು.'

ಅವಳು ಬೆರಳು ಮಡಚಿ ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. ಆಮೇಲೆ ಕೆಳಗಿಳಿದು ಕಾವಲುಗಾರನನ್ನು ಒಂದೇ ಒಂದು ಪ್ರಶ್ನೆ ಕೇಳಿ ಬಂದಳು.

* * *

ಹನ್ನೊಂದಕ್ಕೆ ಎಲ್ಲರೂ ಸೇರಿದರು. ಭಾನುವಾರದ ಮೇಷ್ಟ್ರು ಇಸ್ತ್ರಿ ಮುರಿಯದ ಅಂಗಿ ತೊಟ್ಟು ಬಂದಿದ್ದರು. ವಾರಕ್ಕೊಂದೇ ದಿನ ಪಾಠ ಮಾಡಿದರೂ ಲ್ಯಾಬಿನ ಬೀಗದ ಕೈ ಅವರ ಬಳಿಯೂ ಒಂದಿತ್ತು.

"ಸಾರ್, ಈ ಚಿತ್ರದಲ್ಲಿ ಗಂಟೆಯ ಪಕ್ಕ ಯಾವ ಇಸವಿ ಇದೆ?" ಅಕ್ಕ ಶುರುಮಾಡಿದಳು.

ಪ್ರಿನ್ಸಿಪಾಲರು ಫೋನನ್ನು ಮೂಗಿನ ಹತ್ತಿರ ಹಿಡಿದರು. "ತೊಂಬತ್ತಮೂರು. ಅದು ತಪ್ಪಿದೆ ಬಿಡಿ."

"ಇಸವಿ ತಪ್ಪು ಹೇಳೋ ಗಡಿಯಾರ ಗಂಟೆ ಮಾತ್ರ ಸರಿ ಹೇಳುತ್ತಾ ಸಾರ್?"

ಅಕ್ಕ ಕಪಾಟಿನಲ್ಲಿದ್ದ ಸ್ವಿಚ್ಚಿನ ಮೇಲೆ ಕೈಯಿಟ್ಟಳು.

"ನಮ್ಮ ಸ್ವಿಚ್ಚಿಗೆ ಸಮಯ ಇಟ್ಟೇ ಇಲ್ಲ. ಕರೆಂಟು ಹೋಗಿ ಬಂದಾಗಲೆಲ್ಲ ಅದು ಯಾವುದೋ ಹಳೇ ದಿನದ ಸೊನ್ನೆ ಗಂಟೆಯಿಂದ ಶುರುಮಾಡುತ್ತೆ. ಕೆಳಗಿನ ಸಾಲು ಓದಿ. ಆನ್ ಆಗಿ ಎಷ್ಟು ಹೊತ್ತಾಯ್ತು ಅಂತ ಇದೆ."

"ಹದಿನೆಂಟು ಗಂಟೆ ಇಪ್ಪತ್ತು ನಿಮಿಷ."

"ಅಂದ್ರೆ ಆ ಆರು ಇಪ್ಪತ್ತು ಸಂಜೆಯ ಲೆಕ್ಕವೇ ಅಲ್ಲ. ಸ್ವಿಚ್ ಆನ್ ಆದಮೇಲಿನ ಲೆಕ್ಕ. ನಾನು ಆನ್ ಮಾಡಿದ್ದು ಮಂಗಳವಾರ ಸಂಜೆ ಐದಕ್ಕೆ, ಪಟ್ಟಿ ಇಲ್ಲೇ ಇದೆ. ಅದಕ್ಕೆ ಹದಿನೆಂಟು ಇಪ್ಪತ್ತು ಸೇರಿಸಿ."

ಲಿಫ್ಟಣ್ಣ ಥಟ್ಟನೆ ಹೇಳಿದ: "ಬುಧವಾರ ಬೆಳಗ್ಗೆ ಹನ್ನೊಂದು ಇಪ್ಪತ್ತು."

"ಆಗ ಲ್ಯಾಬಿಗೆ ಬೀಗ ಹಾಕಿತ್ತು. ಬೀಗದ ಕೈ ಇರೋದು ಮೂರು. ಒಂದು ನನ್ನದು, ಒಂದು ಪ್ರಿನ್ಸಿಪಾಲರದು. ಆ ಹೊತ್ತಿಗೆ ನಾನು ಹಲ್ಲು ಕೀಳಿಸಿಕೊಳ್ತಿದ್ದೆ. ಕಾರಲ್ಲಿ ಕರಕೊಂಡು ಹೋದೋರು ಇವರೇ."

ಎಲ್ಲರ ಕಣ್ಣೂ ಮೇಷ್ಟ್ರ ಮೇಲೆ ಬಿತ್ತು.

"ಬುಧವಾರ ನಾನು ಈ ಕಡೆ ತಲೆ ಹಾಕೇ ಇಲ್ಲ!" ಎಂದರು ಅವರು.

"ಇರಬಹುದು ಮೇಷ್ಟ್ರೇ. ನನಗೂ ನೀವಲ್ಲ ಅನ್ಸುತ್ತೆ." ಅಕ್ಕನ ದನಿ ಬೆಣ್ಣೆಯಾಯಿತು. "ಮೂವತ್ತೊಂದಕ್ಕೆ ಹಾಕಿರೋ ಚಿತ್ರ ದರಿದ್ರವಾಗಿದೆ. ಅನುಭವ ಇರೋರು ಹಾಕಿದ್ದಲ್ಲ. ಕಲಿಯೋರಿಗೆ ತಲೆಬುಡ ತಿಳಿಯೋಲ್ಲ."

ಮೇಷ್ಟ್ರ ಮುಖ ಕೆಂಪಾಯಿತು. "ದರಿದ್ರ ಹೇಗಾಗುತ್ತೆ? ಕೇಬಲ್ ಚುಚ್ಚೋ ಪೋರ್ಟುಗಳಲ್ಲಿ ಕೆಟ್ಟಿರೋದು ಎದ್ದು ಕಾಣುತ್ತೆ! ಖಾಲಿ ಬಿಟ್ಟೋರು ನೀವು, ಆಮೇಲೆ..."

ಅವರು ನಾಲಗೆ ಕಚ್ಚಿಕೊಂಡರು.

"ಖಾಲಿ ಬಿಟ್ಟಿದ್ದು ನಿಮಗೆ ಹೇಗೆ ಗೊತ್ತು?" ಅಕ್ಕ ಮೆಲ್ಲಗೆ ಕೇಳಿದಳು. "ಅಚ್ಚಾದ ಪತ್ರಿಕೆಯಲ್ಲಿ ಖಾಲಿ ಇರಲಿಲ್ಲ. ನಾನು ಯಾರಿಗೂ ಹೇಳಿರಲಿಲ್ಲ. ಕದಿಯೋ ವಿದ್ಯಾರ್ಥಿ ಇದ್ದಿದ್ದನ್ನ ಇದ್ದ ಹಾಗೇ ಎತ್ತಿಕೊಂಡು ಓಡ್ತಾನೆ. ಅರೆಬರೆ ಪ್ರಶ್ನೆ ಕಂಡ್ರೆ ಕೈ ತಡೆಯದೆ ಇರೋದು ಪಾಠ ಮಾಡೋರಿಗೆ ಮಾತ್ರ. ಕೆಳಗೆ ಕಾವಲುಗಾರನನ್ನೂ ಕೇಳಿದೆ. ಬುಧವಾರ ಹನ್ನೊಂದಕ್ಕೆ ಮೇಷ್ಟ್ರು ಬಂದಿದ್ರು, ಮರೆತುಹೋದ ಕನ್ನಡಕ ತಗೋಬೇಕು ಅಂದ್ರು ಅಂತ ಹೇಳಿದ."

ಪ್ರಿನ್ಸಿಪಾಲರು ಮೇಷ್ಟ್ರ ಮೂಗನ್ನೇ ದಿಟ್ಟಿಸಿದರು. ನಾಲ್ಕು ವರ್ಷಗಳಲ್ಲಿ ಒಂದು ದಿನವೂ ಆ ಮೂಗಿನ ಮೇಲೆ ಕನ್ನಡಕ ಕಂಡಿರಲಿಲ್ಲ.

ಮೇಷ್ಟ್ರು ಕುರ್ಚಿಯಲ್ಲಿ ಕುಸಿದರು. ಪಕ್ಕದ ರಸ್ತೆಯಲ್ಲಿ ಸ್ವಂತ ತರಗತಿ ತೆರೆಯುವವರಿದ್ದರಂತೆ. ಜನರನ್ನು ಸೆಳೆಯಲು ನಂಬುವಂಥ ಪ್ರಶ್ನೆಗಳು ಬೇಕಿದ್ದವು. "ನಿಮ್ಮಷ್ಟು ಚೆನ್ನಾಗಿ ಬರೆಯೋಕೆ ನನಗೆ ಬರೋಲ್ಲ ಅಕ್ಕ," ಎಂದು ನೆಲ ನೋಡಿದರು. ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಟುಹೋದರು.

* * *

ಪ್ರಿನ್ಸಿಪಾಲರು ಗಂಟಲು ಸರಿಮಾಡಿಕೊಂಡರು. "ಲಿಫ್ಟಣ್ಣಾ, ನನ್ನದು ತಪ್ಪಾಯ್ತು. ಆದ್ರೆ ಪತ್ರಿಕೆ ಮೊದಲೇ ಹೊರಗೆ ಹೋಗಿತ್ತು. ಆ ಅಂಕ ಇಟ್ಟುಕೊಂಡು ಯಾರ ಹೆಸರು ಕಳಿಸಿದ್ರೂ ನಾಳೆ ಮಾತು ಬರುತ್ತೆ."

ಗಂಟೆ ಹನ್ನೊಂದೂವರೆ. ಲಿಫ್ಟಣ್ಣನ ಮುಖ ಸಪ್ಪಗಾಯಿತು. ಆದರೂ ಎದ್ದು ನಿಂತ.

"ಬೇರೆ ಪರೀಕ್ಷೆ ಕೊಡಿ ಸಾರ್. ಈಗಲೇ."

ಅಕ್ಕ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು. ಐದು ನಿಮಿಷದ ಮೇಲೆ ತೆರೆದಳು. "ಮೂರು ಕಡೆ ಕೆಡಿಸಿದೀನಿ. ಇಪ್ಪತ್ತು ನಿಮಿಷ ಇದೆ. ಇದಕ್ಕಿಂತ ಅಸಲಿ ಪರೀಕ್ಷೆ ಬೇರೆ ಇಲ್ಲ."

ಲಿಫ್ಟಣ್ಣ ಅವಸರ ಮಾಡಲಿಲ್ಲ. ಕಪಾಟಿನ ಮುಂದೆ ಮೊಣಕಾಲು ಚಾಚಿ ಕೂತ. ಕೇಬಲ್ಲುಗಳ ಮೇಲೆ ಬೆರಳಾಡಿಸಿದ. ಒಂದನ್ನು ಕಿತ್ತು ಪಕ್ಕಕ್ಕೆ ಚುಚ್ಚಿದ. ಕೀಲಿಮಣೆ ಎಳೆದುಕೊಂಡು ಎರಡು ಸಾಲು ಹೊಡೆದ, ಯೋಚಿಸಿದ, ಮತ್ತೆ ಹೊಡೆದ. ಪ್ರಿನ್ಸಿಪಾಲರು ಗೋಡೆ ಗಡಿಯಾರವನ್ನೂ ಅವನನ್ನೂ ಬದಲಾಯಿಸಿ ಬದಲಾಯಿಸಿ ನೋಡಿದರು. ಅಕ್ಕ ಮಾತ್ರ ಕೈಕಟ್ಟಿ ಆರಾಮವಾಗಿ ನಿಂತಿದ್ದಳು.

ಹದಿನಾಲ್ಕನೆಯ ನಿಮಿಷಕ್ಕೆ ಅವನು ಎದ್ದ.

"ಆಯ್ತು ಅಕ್ಕ. ನಾಲ್ಕೂ ಸರಿಹೋಯ್ತು."

"ನಾಲ್ಕಾ?" ಅಕ್ಕ ಹುಬ್ಬೇರಿಸಿದಳು. "ನಾನು ಕೆಡಿಸಿದ್ದು ಮೂರೇ."

"ಒಂದು ಮೊದಲಿಂದಲೂ ಇತ್ತು." ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ. ಮೂಲೆಯಲ್ಲಿ ಇವತ್ತಿನ ದಿನ, ಇವತ್ತಿನ ಇಸವಿ. ಗಂಟೆ ಹನ್ನೊಂದು ಐವತ್ತು.

ಅಕ್ಕ ಹೊಟ್ಟೆ ತುಂಬ ನಕ್ಕಳು. ಹದಿನಾಲ್ಕು ವರ್ಷಗಳಲ್ಲಿ ಆ ಗಡಿಯಾರ ಸರಿಮಾಡಬೇಕೆಂದು ಅವಳಿಗೆ ಒಮ್ಮೆಯೂ ತೋಚಿರಲಿಲ್ಲ.

ಪ್ರಿನ್ಸಿಪಾಲರು ಜೇಬಿನಿಂದ ಪೆನ್ನು ತೆಗೆದು ಅವನ ಹೆಸರು ಬರೆದರು.