ಬಲಗಡೆಯಿಂದ ಬಂದ ದೇವದೂತ

ದೀಪ ಆರಿದರೆ ಸಾಕು, ಇರ್ಮಾಳ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

ತಪ್ಪು ಅವಳದೆಂದು ಹೇಳುವಂತಿರಲಿಲ್ಲ. ಬೆಳಿಗ್ಗೆ ಆರು ಗಂಟೆಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ನಿಂತರೆ ಮಧ್ಯಾಹ್ನ ಮೂರರವರೆಗೆ ಹಬೆಯ ನಡುವೆ ಹಾಸಿಗೆ ಬಟ್ಟೆಗಳ ಇಸ್ತ್ರಿ. ಗುರುವಾರ ಮಾತ್ರ ಮನೆಗೆ ಹೋಗಿ ಕಾಲು ಚಾಚದೆ, ಆರೂವರೆಗೆ ಗೆಂಟ್ ನಗರದ ಸಂಜೆ ಶಾಲೆಗೆ ಬರುತ್ತಿದ್ದಳು. ಪುನರುಜ್ಜೀವನ ಕಾಲದಿಂದ ಆಧುನಿಕ ಕಾಲದವರೆಗಿನ ಕಲೆಯ ಇತಿಹಾಸ. ಇದು ಎರಡನೆಯ, ಕೊನೆಯ ವರ್ಷ. ಕಣ್ಣು ಮಂಜಾಗುತ್ತಿದ್ದ ಡೆ ವಾಲ್ ಮೇಷ್ಟ್ರು ಪರದೆಗೆ ಬೆನ್ನು ಹಾಕಿ ನಿಂತು, ಬಾಯಿಪಾಠವಾಗಿದ್ದ ಚಿತ್ರಗಳ ಬಗ್ಗೆ ಮೆಲುದನಿಯಲ್ಲಿ ಹೇಳುತ್ತಾ ಹೋಗುವರು. ಹಿಂದಿನ ಸಾಲಿನಲ್ಲಿ ಪ್ರೊಜೆಕ್ಟರ್ ಬೆಚ್ಚಗೆ ಗುಂಯ್‌ಗುಡುವುದು. ಇರ್ಮಾಳ ಗದ್ದ ಎದೆಗೆ ತಾಗುವುದು.

ಆಗ ಹಿಂದಿನಿಂದ ಒಂದು ಕೆಮ್ಮು. ಅವಳು ಬೆಚ್ಚಿ ಕಣ್ಣು ಬಿಡುವಳು.

ಮೂರನೆಯ ವಾರ ತರಗತಿ ಬಿಟ್ಟ ಮೇಲೆ, ಟ್ರಾಮ್ ನಿಲ್ದಾಣದಲ್ಲಿ ಅವಳು ಆ ಕೆಮ್ಮಿನ ಮನುಷ್ಯನನ್ನು ಹಿಡಿದು ನಿಲ್ಲಿಸಿದಳು. ಉದ್ದನೆಯ ಆಳು, ಐವತ್ತು ದಾಟಿದ ವಯಸ್ಸು, ಮೊಣಕೈ ಸವೆದ ಕೋಟು. ಪ್ರೊಜೆಕ್ಟರ್‌ಗೆ ಸ್ಲೈಡು ಹಾಕುವ ಫಿರ್ಮಿನ್.

"ಕೆಮ್ಮಿದ್ರೆ ಡಾಕ್ಟ್ರ ಹತ್ರ ಹೋಗಿ. ನನ್ನನ್ನ ಯಾಕೆ ಎಲ್ಲರ ಮುಂದೆ ನಗೆಪಾಟಲು ಮಾಡ್ತೀರಿ?"

"ಅಯ್ಯೋ ಮೇಡಂ, ನಾನು ಎಲ್ಲಾ ಚಿತ್ರಕ್ಕೂ ಕೆಮ್ಮಲ್ಲ. ಪರೀಕ್ಷೆಗೆ ಬರೋದಕ್ಕೆ ಮಾತ್ರ. ಮಿಕ್ಕಿದ್ದಕ್ಕೆ ನಿಮ್ಮನ್ನ ಆರಾಮಾಗಿ ಮಲಗೋಕೆ ಬಿಟ್ಟಿದೀನಲ್ಲ!"

ಇರ್ಮಾ ನೆನಪಿಸಿಕೊಂಡು ನೋಡಿದಳು. ಹೌದು. ಅವಳ ಟಿಪ್ಪಣಿ ಪುಸ್ತಕದಲ್ಲಿ ಇದ್ದದ್ದೆಲ್ಲ ಕೆಮ್ಮಿನ ನಂತರದ ಚಿತ್ರಗಳೇ. ಸಿಟ್ಟನ್ನು ಇನ್ನಷ್ಟು ಹೊತ್ತು ಹಿಡಿದಿಡಬೇಕೆಂದುಕೊಂಡಳು, ನಗು ಬಂದುಬಿಟ್ಟಿತು. ಗಂಡ ತೀರಿಕೊಂಡ ಆರು ವರ್ಷಗಳಲ್ಲಿ, ತಾನು ನಿದ್ದೆ ಮಾಡಿದೆನೋ ಇಲ್ಲವೋ ಎಂದು ಯಾರೂ ಗಮನಿಸಿರಲಿಲ್ಲ.

ಆಮೇಲೆ ಗುರುವಾರಕ್ಕೆ ಒಂದು ರೂಢಿ ಬಿತ್ತು. ಟ್ರಾಮ್ ಬರುವವರೆಗೆ, ನಿದ್ದೆಯಲ್ಲಿ ತಪ್ಪಿಹೋದ ಚಿತ್ರಗಳನ್ನು ಅವನು ಗಾಳಿಯಲ್ಲಿ ಬೆರಳಾಡಿಸಿ ಬಿಡಿಸಿ ತೋರಿಸುತ್ತಿದ್ದ.

"ಇಲ್ಲೊಂದು ನಾಯಿ. ಪಾಪ, ನಾನೂರು ವರ್ಷದಿಂದ ಆ ಮೂಳೆಗೆ ಕಾಯ್ತಾ ಇದೆ."

"ಮೇಷ್ಟ್ರು ನಾಯಿ ಬಗ್ಗೆ ಏನಂದ್ರು?"

"ಏನೂ ಅನ್ನಲಿಲ್ಲ. ನಾಯಿ ಕಂಡಿದ್ದು ನನಗೆ."

ಅವನು ಮೂವತ್ತು ವರ್ಷ ಒಂದು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿದವನು. ಕಂಪ್ಯೂಟರ್ ಬಂದ ಮೇಲೆ ಮನೆಗೆ ಕಳಿಸಿದ್ದರು. ಆಗಿನಿಂದ ವಾರದಲ್ಲಿ ಅವನಿಗಾಗಿ ಯಾರಾದರೂ ಕಾಯುವ ಜಾಗವೆಂದರೆ ಆ ಪ್ರೊಜೆಕ್ಟರ್ ಒಂದೇ. ಅದರ ಅಲಮಾರಿಯ ಬೀಗದ ಕೈಯನ್ನು ಅವನು ಕೋಟಿನ ಒಳಜೇಬಿನಲ್ಲಿಟ್ಟು, ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಅವಳಿಗೆ ಬೇಕಿದ್ದದ್ದೂ ದೊಡ್ಡದೇನಲ್ಲ. ಜೂನ್‌ನಲ್ಲಿ ಪಾಸಾದರೆ ಸೆಪ್ಟೆಂಬರ್‌ನಿಂದ ನಗರದ ಮ್ಯೂಸಿಯಂನಲ್ಲಿ, ಬಂದವರಿಗೆ ಚಿತ್ರ ವಿವರಿಸುವ ಕೆಲಸ. ಮಂಡಿ ಇನ್ನೊಂದು ವರ್ಷ ಲಾಂಡ್ರಿಯನ್ನು ತಾಳುವುದಿಲ್ಲವೆಂದು ಡಾಕ್ಟರ್ ಹೇಳಿಯಾಗಿತ್ತು.

"ನಲವತ್ತೇಳಕ್ಕೆ ಇದೆಲ್ಲಾ ಬೇಕಿತ್ತಾ ಅನ್ಸುತ್ತೆ," ಎಂದಿದ್ದಳು ಒಮ್ಮೆ. "ಬುದ್ಧಿವಂತರ ಮಧ್ಯೆ ತಪ್ಪಿ ಬಂದು ಕೂತಿದೀನೇನೋ."

"ಆ ಬುದ್ಧಿವಂತರಲ್ಲಿ ಇಬ್ಬರು ಗೊರಕೆ ಹೊಡೀತಾರೆ. ನೀವು ಸದ್ದಿಲ್ಲದೆ ಮಲಗ್ತೀರಿ. ವ್ಯತ್ಯಾಸ ಅಷ್ಟೇ."

ಡಿಸೆಂಬರ್‌ನಲ್ಲಿ, ಸಂತ ನಿಕೋಲಾಸನ ಹಬ್ಬದ ವಾರ, ವಿರಾಮದ ಹೊತ್ತಿಗೆ ಅವಳು ಹಿಂದಕ್ಕೆ ತಿರುಗಿ ಅವನ ಮೇಜಿನ ಮೇಲೆ ಒಂದು ಸಣ್ಣ ಕಿತ್ತಳೆ ಇಟ್ಟಳು. ಅವನು ಅದನ್ನೇ ನೋಡುತ್ತಾ ಕೂತ. "ಮಕ್ಕಳಿಗಲ್ವಾ ಇದು ಕೊಡೋದು?" ಎಂದ. "ನೀವೇನು ದೊಡ್ಡೋರಾ?" ಎಂದು ಅವಳೇ ಸುಲಿದು ಅರ್ಧ ಕೊಟ್ಟಳು. ದೀಪ ಆರುವವರೆಗೂ ಇಬ್ಬರೂ ಒಂದೊಂದೇ ತೊಳೆ ತಿಂದರು.

ಆ ಸಂಜೆ ವಿರಾಮದ ನಂತರದ ಮೊದಲ ಚಿತ್ರಕ್ಕೆ ಅವಳಿಗೆ ಕೆಮ್ಮು ಬೇಕಾಗಲಿಲ್ಲ. ನಗರದ ಮ್ಯೂಸಿಯಂನದೇ ಚಿತ್ರ. ಬಿಡಿಸಿದವನ ಹೆಸರು ಗೊತ್ತಿಲ್ಲ. ದೇವದೂತ ಬಂದು ಮೇರಿಗೆ, ನಿನಗೊಂದು ಮಗು ಹುಟ್ಟುತ್ತದೆ ಎಂದು ಹೇಳುವ ಗಳಿಗೆ. ಛಾವಣಿಯ ರಿಪೇರಿಗೆಂದು ಆ ಕೋಣೆಯನ್ನು ಮುಚ್ಚಿ ಎರಡು ವರ್ಷವಾಗಿತ್ತು, ತರಗತಿಯಲ್ಲಿ ಯಾರೂ ಅದನ್ನು ನೋಡಿರಲಿಲ್ಲ. ಇರ್ಮಾ ಪುಸ್ತಕದಲ್ಲಿ ಬರೆದುಕೊಂಡಳು: ದೇವದೂತ ಬಲಗಡೆಯಿಂದ ಬರುತ್ತಾನೆ, ತಡವಾಗಿ, ಕೆಲಸ ಮುಗಿಸಿ ಬಂದವನಂತೆ.

ಜೂನ್‌ನಲ್ಲಿ, ಮೌಖಿಕ ಪರೀಕ್ಷೆಯ ದಿನ, ಚಿತ್ರಗಳ ಹೆಸರು ಬರೆದ ಚೀಟಿಗಳ ಡಬ್ಬಿಯಿಂದ ಅವಳ ಕೈಗೆ ಬಂದದ್ದು ಅದೇ ಚಿತ್ರದ ಚೀಟಿ. ಅವಳಿಗೆ ನಂಬಲಾಗಲಿಲ್ಲ. ಮೇಜಿನಾಚೆ ಡೆ ವಾಲ್ ಮೇಷ್ಟ್ರು, ಪಕ್ಕದಲ್ಲಿ ಮ್ಯೂಸಿಯಂನಿಂದ ಬಂದ ಶ್ರೀಮತಿ ಫಾನ್ ಹೆಕೆ.

"ದೇವದೂತ ಬಲಗಡೆಯಿಂದ ಬರ್ತಾನೆ..." ಎಂದು ಶುರುಮಾಡಿದಳು.

"ಬಲಗಡೆಯಿಂದ? ಖಚಿತವಾಗಿ?"

"ಹೌದು, ಮೇಡಂ. ಮೇರಿ ಎಡಗಡೆ ಕೂತು ಓದ್ತಿರ್ತಾಳೆ."

ಶ್ರೀಮತಿ ಫಾನ್ ಹೆಕೆ ಪೆನ್ನಿನ ಕ್ಯಾಪು ಹಾಕಿದರು. "ಈ ಚಿತ್ರವನ್ನ ನೀವು ನೋಡೇ ಇಲ್ಲ."

ಅಷ್ಟೇ. ವಾದಿಸಬಹುದಿತ್ತೇನೋ. ಆದರೆ ತನ್ನ ಕಣ್ಣನ್ನು ನಂಬಿ ವಾದಿಸುವ ಅಭ್ಯಾಸ ಅವಳಿಗಿರಲಿಲ್ಲ.

ನಿಲ್ದಾಣದಲ್ಲಿ ಫಿರ್ಮಿನ್ ಎರಡು ಲೋಟ ಕಾಫಿ ಹಿಡಿದು ನಿಂತಿದ್ದ. ಅವಳ ಮುಖ ನೋಡಿ ಒಂದನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟ.

"ನಿದ್ದೆಯಲ್ಲಿ ಕಂಡ ಕನಸನ್ನೇ ಪಾಠ ಅಂದ್ಕೊಂಡೆ ಅಂತ ಕಾಣುತ್ತೆ," ಎಂದಳು. "ದೇವದೂತ ಬಲಗಡೆಯಿಂದ ಬಂದ ಅಂದೆ. ಹೋಗ್ಲಿ ಬಿಡಿ. ನಂಗೆ ಲಾಂಡ್ರಿನೇ ಸರಿ."

"ಯಾವ ಕಡೆಯಿಂದ ಅಂದ್ರಿ?"

"ಬಲಗಡೆಯಿಂದ."

ಅವನ ಮುಖ ಬಿಳಿಚಿಕೊಂಡಿತು. ಟ್ರಾಮ್ ಬಂತು. ಅವಳು ಹತ್ತಿ ಕಿಟಕಿಯಿಂದ ನೋಡಿದಳು. ಎಂದಿನಂತೆ ಅವನು ಕೈ ಎತ್ತಲಿಲ್ಲ. ಇವನಿಗೂ ನನ್ನಿಂದ ನಾಚಿಕೆಯಾಯಿತು ಎಂದುಕೊಂಡಳು ಇರ್ಮಾ. ಫೇಲಾದದ್ದಕ್ಕಿಂತ ಅದೇ ಹೆಚ್ಚು ಚುಚ್ಚಿತು.

ಮರುದಿನ ಮೂರು ಗಂಟೆಗೆ ಅವಳು ಲಾಂಡ್ರಿಯ ಗೇಟು ದಾಟಿದಾಗ ಅವನು ಸೈಕಲ್ ಹಿಡಿದು ನಿಂತಿದ್ದ. ಜತೆಯ ಹೆಂಗಸರು ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿದರು. "ಇರ್ಮಾ, ನಿನ್ನ ಪಾಠ ಇಲ್ಲಿಗೇ ಬಂತಲ್ಲೇ!"

"ಕನಸಲ್ಲ ಅದು," ಎಂದ ಫಿರ್ಮಿನ್, ನಮಸ್ಕಾರವನ್ನೂ ಹೇಳದೆ. "ಸ್ಲೈಡು ನಾನೇ ಉಲ್ಟಾ ಹಾಕಿದ್ದೆ. ಬೆಳಿಗ್ಗೆ ಹೋಗಿ ಹಿಡಿದು ನೋಡಿದೆ. ಬೇರೆ ಎಲ್ಲದರ ಮೂಲೆಯಲ್ಲೂ ಯಾವ ಕಡೆ ಹಾಕ್ಬೇಕು ಅನ್ನೋದಕ್ಕೆ ಕೆಂಪು ಚುಕ್ಕೆ ಇರುತ್ತೆ, ಅದೊಂದಕ್ಕೆ ಇರಲಿಲ್ಲ. ಅಚ್ಚಿನ ಮೊಳೆ ಯಾವಾಗಲೂ ಉಲ್ಟಾನೇ ಇರೋದು. ಮೂವತ್ತು ವರ್ಷ ಅದನ್ನೇ ಓದಿದ ಕಣ್ಣಿಗೆ ಎಡ ಯಾವುದು, ಬಲ ಯಾವುದು? ಎರಡೂ ಸರಿಯಾಗೇ ಕಾಣುತ್ತೆ."

ಅವಳಿಗೆ ನಿಧಾನವಾಗಿ ಸಿಟ್ಟು ಏರಿತು. ದಣಿದವರ ಸಿಟ್ಟು, ಕೂಗುವುದಕ್ಕೂ ಶಕ್ತಿಯಿಲ್ಲದ್ದು.

"ಆರು ತಿಂಗಳು, ಫಿರ್ಮಿನ್. ದಿನಾ ಇಸ್ತ್ರಿ ಮಾಡ್ತಾ ಮಾಡ್ತಾ ಬಾಯಿಪಾಠ ಮಾಡಿದೆ. ನಿನ್ನೆ ರಾತ್ರಿಯೆಲ್ಲಾ ನನ್ನನ್ನೇ ಬೈಕೊಂಡೆ."

"ಗೊತ್ತು. ನನ್ನನ್ನ ಬೈರಿ."

"ಬೈಯೋಕೂ ಆಗ್ತಿಲ್ಲ. ಕಾಲು ನೋಯ್ತಿದೆ."

"ಮೇಷ್ಟ್ರಿಗೆ ಹೇಳಿದೆ. ಆ ಮೇಡಂಗೂ ಹೇಳಿದೆ. ಮೇಷ್ಟ್ರಂತೂ ತಾವು ಒಂದ್ಸಲನಾದ್ರೂ ತಿರುಗಿ ನೋಡ್ಬೇಕಿತ್ತು ಅಂತ ತಲೆ ಮೇಲೆ ಕೈ ಹೊತ್ತು ಕೂತ್ರು. ನಾಳೆ ಬೆಳಿಗ್ಗೆ ಹತ್ತಕ್ಕೆ ಆ ಕೋಣೆ ತೆರೀತಾರಂತೆ. ಚಿತ್ರದ ಮುಂದೇನೇ ನಿಂತು ಇನ್ನೊಂದ್ಸಲ ಹೇಳ್ಬೇಕಂತೆ."

ಮಾತಾಡುತ್ತಾ ಅವನ ಕೈ ಕೋಟಿನ ಒಳಜೇಬಿಗೆ ಹೋಯಿತು. ಏನೂ ಸಿಗದೆ ಹಾಗೇ ವಾಪಸ್ ಬಂತು. ಇರ್ಮಾ ಅದನ್ನು ನೋಡಿದಳು.

"ಬೀಗದ ಕೈ?"

"ಕೊಟ್ಟುಬಿಟ್ಟೆ. ಅವರು ಕೇಳಲಿಲ್ಲ, ನಾನೇ ಕೊಟ್ಟೆ. ನೋಡೋಕೆ ಬಾರದವನು ತೋರಿಸೋಕೆ ಹೋಗಬಾರದು."

ಶನಿವಾರ ಕೋಣೆಯಲ್ಲಿ ಹೊಸ ಸುಣ್ಣದ ವಾಸನೆ. ಚಿತ್ರ ಅವಳೆಣಿಸಿದ್ದಕ್ಕಿಂತ ಚಿಕ್ಕದು. ದೇವದೂತ ಎಡಗಡೆ ನಿಂತಿದ್ದ, ಯಾವಾಗಲೂ ಅಲ್ಲೇ ಇದ್ದವನಂತೆ. ಫಿರ್ಮಿನ್ ಬಾಗಿಲ ಬಳಿಯ ಬೆಂಚಿನಲ್ಲಿ ಕೂತು ಟೋಪಿ ಹಿಂಡುತ್ತಿದ್ದ.

ಶ್ರೀಮತಿ ಫಾನ್ ಹೆಕೆ ಕೇಳಿದ್ದು ಒಂದೇ ಪ್ರಶ್ನೆ. "ನೀವು ನೋಡಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ?"

ಇರ್ಮಾ ಬಹಳ ಹೊತ್ತು ನೋಡಿದಳು. ಎಡದಿಂದ ಬಲಕ್ಕೆ, ಮತ್ತೆ ಎಡದಿಂದ ಬಲಕ್ಕೆ.

"ನಾವು ಓದೋ ಹಾಗೇ ನೋಡ್ತೀವಲ್ಲ, ಎಡಗಡೆಯಿಂದ. ಸ್ಲೈಡಲ್ಲಿ ಮೊದಲು ಮೇರಿ ಕಾಣೋಳು. ಒಬ್ಬಳೇ, ನೆಮ್ಮದಿಯಾಗಿ. ಆಮೇಲೆ ಯಾರೋ ಬಂದರು. ಇದರಲ್ಲಿ ನಾವು ದೇವದೂತನ ಜೊತೇಲೇ ಬಾಗಿಲು ದಾಟಿ ಬರ್ತೀವಿ. ಅವಳಿಗೆ ತೊಂದರೆ ಕೊಡೋರು ನಾವೂನೂ." ಅವಳ ಬೆರಳು ಮೇರಿಯತ್ತ ಹೋಯಿತು. "ಮುಖ ನೋಡಿ, ಮೇಡಂ. ಅದು ಭಕ್ತಿ ಅಲ್ಲ. ಈಗ ತಾನೇ ಕೂತಿದ್ದೆ, ಅಷ್ಟರಲ್ಲಿ ಇದೊಂದು ಬಂತಾ ಅನ್ನೋ ಮುಖ. ನಂಗೆ ಗೊತ್ತು ಆ ಮುಖ."

ಶ್ರೀಮತಿ ಫಾನ್ ಹೆಕೆ ಚಿತ್ರದತ್ತ ಬಾಗಿದರು. ಹದಿನೈದು ವರ್ಷದಿಂದ ಅದನ್ನು ಕಾಯ್ದವರು, ಮೊದಲ ಸಲವೆಂಬಂತೆ ನೋಡಿದರು.

"ಸೆಪ್ಟೆಂಬರ್ ಒಂದಕ್ಕೆ, ಒಂಬತ್ತು ಗಂಟೆಗೆ ಬನ್ನಿ," ಎಂದರು ಕೊನೆಗೆ. "ಮೆತ್ತನೆ ಚಪ್ಪಲಿ ಹಾಕ್ಕೊಂಡು ಬನ್ನಿ. ನೆಲ ಕಲ್ಲಿನದು."

ಅವರು ಹೋದ ಮೇಲೆ ಇರ್ಮಾ ಬೆಂಚಿಗೆ ಬಂದು, ಅವನ ಪಕ್ಕ, ಉಸ್ಸೆಂದು ಕೂತಳು.

"ಅವತ್ತು ಯಾಕೆ ತಪ್ಪಾಯ್ತು ಅಂತ ಮೇಷ್ಟ್ರಿಗೆ ಪೂರ್ತಿ ಹೇಳಿದ್ರಾ?"

"ಅರ್ಧ ಹೇಳಿದೆ."

"ಇನ್ನರ್ಧ?"

ಅವನು ಟೋಪಿಯನ್ನೇ ನೋಡುತ್ತಾ ಹೇಳಿದ. "ವಿರಾಮದಲ್ಲಿ ಪ್ರತಿ ಸ್ಲೈಡನ್ನೂ ಎರಡು ಸಲ ನೋಡ್ತಿದ್ದೆ. ಅವತ್ತು ನೋಡಲಿಲ್ಲ. ನಿಮ್ಮ ಕೈ ನೋಡ್ತಾ ಇದ್ದೆ. ಕಿತ್ತಳೆ ಸುಲೀತಿದ್ರಲ್ಲ, ಹಬೆಗೆ ಕೆಂಪಾಗಿದ್ದ ಕೈ. ಮೂವತ್ತು ವರ್ಷ ಒಂದಕ್ಷರ ತಪ್ಪು ಜೋಡಿಸಿದವನಲ್ಲ ನಾನು, ಇರ್ಮಾ. ಅವತ್ತಿಂದ ಏನೂ ಸರಿಯಾಗಿ ಕೂರ್ತಾ ಇಲ್ಲ."

ಅವಳು ಆ ಕೈಗಳನ್ನು ಮಡಿಲಿನಿಂದ ಎತ್ತಿ, ಒಂದನ್ನು ಅವನ ಟೋಪಿಯ ಮೇಲಿಟ್ಟಳು.

"ತರಗತೀಲಿ ನೀನು ಯಾವ ಕಡೆ ಕೂರ್ತಿದ್ದೆ?"

'ನೀನು' ಎಂದದ್ದು ಅವನಿಗೆ ಕೇಳಿಸಿತು, ಕಿವಿ ಕೆಂಪಾಯಿತು. "ನಿನ್ನ ಹಿಂದೆ. ಬಲಗಡೆ."

"ಅದಕ್ಕೇ," ಎಂದಳು ಇರ್ಮಾ. "ಬಲಗಡೆಯಿಂದ ಬಂದ ಅಂದಾಗ ನಂಗೆ ಒಂಚೂರೂ ತಪ್ಪು ಅನ್ನಿಸಲೇ ಇಲ್ಲ."

ಅವಳ ತಲೆ ಅವನ ಭುಜಕ್ಕೆ ಒರಗಿತು. ಕಿಟಕಿಯ ಬಿಸಿಲು ಮೆಲ್ಲಗೆ ನೆಲದ ಮೇಲೆ ಜರುಗುತ್ತಿತ್ತು. ಏನೋ ಹೇಳಲು ಬಾಯಿ ತೆರೆದವಳು ಅರ್ಧಕ್ಕೇ ಬಿಟ್ಟಳು. ಉಸಿರು ನಿಧಾನವಾಯಿತು, ಗದ್ದ ಎದೆಗೆ ಇಳಿಯಿತು. ಹಾದುಹೋದ ಕಾವಲುಗಾರ ನಿಂತು ಹುಬ್ಬೇರಿಸಿದ.

ಫಿರ್ಮಿನ್ ಕೆಮ್ಮಲಿಲ್ಲ.