ತೀಡಿದ ಚೌಕ

“ಏಯ್, ನಿಲ್ಲಿಸು! ಇಲ್ಲಿಗೆ ಬರ್ಬೇಡ...!”

ಅಷ್ಟರಲ್ಲಿ ತಡವಾಗಿತ್ತು. ಒಂದು ಮಂಡಿಯನ್ನು ಹಲಗೆಯ ಮೇಲೂರಿ, ಇನ್ನೊಂದು ಕಾಲಿಂದ ಕಡಲಂಚಿನ ಕೆಸರು ಒದೆಯುತ್ತ ಚಿಪ್ಪು ಆರಿಸಲು ಹೊರಟಿದ್ದ ಚಬಾ, ಬಿದಿರುಗೂಟ ನೆಟ್ಟ ಚೌಕದೊಳಗೇ ಜಾರಿಹೋಗಿದ್ದಳು.

“ನಾಲ್ಕು ದಿನದ ಕೆಲಸ ಹಾಳಾಯ್ತು!” ಸೊಂಟದವರೆಗೆ ಕೆಸರಲ್ಲಿ ಹೂತಿದ್ದ ತನ್ವಾ ಗದರಿದ.

“ಮೊದ್ಲು ಮೇಲೆ ಬನ್ನಿ ಮೇಷ್ಟ್ರೇ, ಆಮೇಲೆ ಬೈಯುವಿರಂತೆ.”

ಅವಳು ಚಾಚಿದ ಕೈ ಹಿಡಿದದ್ದೇ ತಡ, ತನ್ವಾನ ಕೋಪ ಎಲ್ಲಿ ಹೋಯಿತೋ!

ಬ್ಯಾಂಕಾಕಿನ ಕಾಲೇಜು ಮೇಷ್ಟ್ರಾದ ಅವನು ಈ ಕಡಲೂರಿಗೆ ಬಂದದ್ದು ಕಣ್ಣಿಗೆ ಕಾಣದ ಪಾಚಿಗಾಗಿ. ನೀರು ಇಳಿದಾಗ ಕೆಸರಿನ ಮೇಲೆ ಹೊಂಬಣ್ಣದ ಪೊರೆ ಮೂಡುತ್ತದಲ್ಲ, ಅದೇ. ಅದರ ಅಂಟು ಕೆಸರನ್ನು ಕೊಚ್ಚಿಹೋಗದಂತೆ ಹಿಡಿದಿಡುತ್ತದೆಂದು ಅವನು ಅಳೆದು ತೋರಿಸಬೇಕಿತ್ತು.

ದಿನವೂ ಅವನಿಗೆ ಸುಟ್ಟ ಚಿಪ್ಪು, ಹುಳಿಖಾರದ ಚಟ್ನಿ ಒಯ್ಯುವುದು ಚಬಾಳಿಗೆ ಅಭ್ಯಾಸವಾಯಿತು. ಯಾಕೆಂದು ಅವಳು ತನ್ನನ್ನೇ ಕೇಳಿಕೊಳ್ಳಲಿಲ್ಲ.

ಅವನು ವಾರದ ಮಟ್ಟಿಗೆ ಬ್ಯಾಂಕಾಕಿಗೆ ಹೋದ. ಇನ್ನೊಬ್ಬರ ಜಾಗದಲ್ಲಿ ಗೀರು ಬಿದ್ದರೆ ತೀಡಿ ಸರಿಮಾಡುವುದು ಆ ಊರಿನ ಮರ್ಯಾದೆ. ಚಬಾ ಅಕ್ಕರೆಯಿಂದ, ಅವನ ಚೌಕಗಳಲ್ಲಿ ಗೀರು ಬಿದ್ದಿದ್ದ ಒಂದನ್ನು ಹಲಗೆಯಿಂದ ತೀಡಿ ನುಣ್ಣಗೆ ಮಾಡಿದಳು.

ಮರಳಿ ಬಂದ ತನ್ವಾನ ಮುಖ ಬಾಡಿತು. “ಯಾರೋ ಬೇಕಂತ್ಲೇ ಪೊರೆ ಕೆರೆದಿದ್ದಾರೆ. ನಾನಿಲ್ಲಿರೋದು ಊರಿಗೆ ಇಷ್ಟ ಇಲ್ಲ. ನಾಳೆ ಹೊರಡ್ತೀನಿ.”

ಚಬಾ ಹಲಗೆ ತಿರುಗಿಸಿ ದಡದತ್ತ ಹೊರಟಳು. ‘ಹೇಳಿದ್ರೆ ದ್ವೇಷಿಸ್ತಾನೆ... ಹೇಳದಿದ್ರೆ ಹೊರಟೇಹೋಗ್ತಾನೆ!’

ಮರುದಿನ ಬೆಳಿಗ್ಗೆ ನೀರಿಳಿದಾಗ ಅವನು ಗೂಟ ಕೀಳುತ್ತಿದ್ದ. ಚಬಾ ಹಲಗೆ ಒದ್ದುಕೊಂಡು ಬಂದಳು.

“ತೀಡಿದ್ದು ನಾನೇ! ನಮ್ಮಲ್ಲಿ ಅದು ಮರ್ಯಾದೆ... ಪೊರೆ ಹೋಗತ್ತೆ ಅಂತ ಹೊಳೀಲಿಲ್ಲ. ಬೈಯಿರಿ, ಆದ್ರೆ ಹೋಗ್ಬೇಡಿ.” ಅವಳ ಕಣ್ಣು ತುಂಬಿತು.

ಅವನ ಕೈಯಲ್ಲಿನ ಗೂಟ ಅಲ್ಲೇ ನಿಂತಿತು. “ಯಾವತ್ತು ತೀಡಿದೆ?”

“ನೀವು ಹೋದ ದಿನಾನೇ.”

“ಇದೊಂದೇ ಚೌಕಾನಾ? ಪಕ್ಕದ್ದು ಮುಟ್ಟಿಲ್ಲ ತಾನೆ?”

“ಆಣೆಗೂ ಇಲ್ಲ!”

ಅವನು ಅಳತೆಗೋಲು ಊರಿ ನೋಡಿದ. ತೀಡಿದ ಚೌಕದ ಕೆಸರು ವಾರದಲ್ಲೇ ಒಂದು ಬೆರಳಷ್ಟು ಕೊಚ್ಚಿಹೋಗಿತ್ತು. ಪಕ್ಕದ್ದು ಹೊಂಬಣ್ಣ ಹೊದ್ದು ಹಾಗೇ ಇತ್ತು.

“ಚಬಾ... ನಾನು ತೋರಿಸಬೇಕಿದ್ದದ್ದು ಇದನ್ನೇ ಕಣೇ!” ಅವನು ನಕ್ಕುಬಿಟ್ಟ. “ಇನ್ನೂ ಎಷ್ಟೋ ಚೌಕ ಹೀಗೇ ಅಳೀಬೇಕು. ವರ್ಷಗಟ್ಟಲೆ ಬೇಕಾಗತ್ತೆ. ನಿನ್ನ ಹಲಗೇಲಿ ನಂಗೂ ಜಾಗ ಇದ್ಯಾ?”

“ಅದು ಒಬ್ರಿಗೇ.”

ಅವನು ಪೆಚ್ಚಾದ. ಚಬಾ ತಲೆ ತಗ್ಗಿಸಿ ಮೆಲ್ಲಗೆ ಹೇಳಿದಳು.

“ಅಪ್ಪ ನಿಮಗೆ ಅಂತ ಇನ್ನೊಂದು ಹಲಗೆ ಮಾಡ್ತಿದ್ದಾರೆ. ನೀವು ಹೋಗೋ ವಿಷ್ಯ... ಅವರಿಗೆ ನಾನು ಹೇಳೇ ಇಲ್ಲ, ತನ್ವಾ.”

“ಹೇಳ್ಲೂಬೇಡ,” ಎಂದ ಅವನು, ಕಿತ್ತ ಗೂಟವನ್ನು ಮತ್ತೆ ನೆಡುತ್ತ.