ಕಾಸಕ್ ಕತ್ತಿಯ ಊರು

೨೦೧೩ರ ಮಾರ್ಚ್ ೧೧, ಬೆಳಿಗ್ಗೆ. ನವಿ ಮುಂಬಯಿಯ ನೆರೂಳ ಪೊಲೀಸ್ ಠಾಣೆಗೆ ಬಂದ ಹೋಟೆಲ್ ಮಾಲೀಕ ಪ್ರೇಮನಾಥರು ಕೂರುವ ಮೊದಲೇ ದೂರು ಹೇಳತೊಡಗಿದರು. ಹಳೆಯ ಸೈನಿಕ ಕತ್ತಿಗಳನ್ನು ಸಂಗ್ರಹಿಸುವುದು ಅವರ ಹವ್ಯಾಸ. ಮನೆಯ ಗಾಜಿನ ಕಪಾಟಿನಿಂದ, ರಷ್ಯಾದ ಕಾಸಕ್ ಸವಾರರು ಬಳಸುತ್ತಿದ್ದ ಶಾಶ್ಕಾ ಎಂಬ ಕತ್ತಿ ಕಾಣೆಯಾಗಿತ್ತು.

"ಅದೊಂದೇ ಹೋದದ್ದು ಮಾರಾಯ್ರೆ. ಪಕ್ಕದಲ್ಲೇ ಬೆಳ್ಳಿ ಹಿಡಿಯ ಕತ್ತಿ ಇತ್ತು, ಮುಟ್ಟಲಿಲ್ಲ."

"ಯಾರ ಮೇಲೆ ಅನುಮಾನ?" ಇನ್‌ಸ್ಪೆಕ್ಟರ್ ಲೋಕನಾಥ ಕೇಳಿದರು.

"ಕೆಲಸದ ಮರಗಮ್ಮನ ಮೇಲೆ. ಬೇರೆ ಯಾರು ಬರ್ತಾರೆ?"

ಎಫ್‌ಐಆರ್ ದಾಖಲಾಯಿತು. ಸ್ಥಳ ಪಂಚನಾಮೆಯ ವೇಳೆ ನೋಡಿದರೆ ಕಪಾಟಿನ ಬೀಗ ಮುರಿದಿರಲಿಲ್ಲ. ಕೀಲಿ ಸದಾ ಅದರಲ್ಲೇ ಇರುತ್ತಿತ್ತಂತೆ. ಅಷ್ಟರಲ್ಲೇ ಕಟ್ಟಡದ ಉಳಿದ ಮನೆಯವರೂ ಮರಗಮ್ಮನನ್ನು ಕೆಲಸದಿಂದ ಬಿಡಿಸಿದ್ದರು. ವಿಚಾರಣೆಯಲ್ಲಿ ಆಕೆ ಅಳಲಿಲ್ಲ.

"ಅಷ್ಟುದ್ದ ಕತ್ತೀನ ಸೀರ್ಯಾಗ ಮುಚ್ಕೊಂಡು ಹೋಗಾಕ ಬರ್ತದೇನ್ರೀ ಸಾಹೇಬ್ರ?"

ಲೋಕನಾಥರನ್ನೂ ಅದೇ ಪ್ರಶ್ನೆ ಕಾಡುತ್ತಿತ್ತು. ಉದ್ದನೆಯ ಚೀಲ ಹಿಡಿದು ಯಾರಾದರೂ ಬಂದಿದ್ದರೇ ಎಂದು ಪ್ರೇಮನಾಥರ ಹೆಂಡತಿ ವಿನೋದಾರನ್ನು ಕೇಳಿದರು.

"ಜಯಶೀಲಣ್ಣ ಬಂದಿದ್ರು, ಕ್ಯಾಮೆರಾ ಸ್ಟ್ಯಾಂಡಿನ ಚೀಲ ತಕ್ಕೊಂಡು. ಥಾಣೆ ಊರಿನ ಪ್ರದರ್ಶನದಲ್ಲಿ ಇಡುವ ಕತ್ತಿಗಳ ಫೋಟೋ ಬೇಕಿತ್ತು. ನಾನು ಚಾ ಮಾಡ್ಲಿಕ್ಕೆ ಒಳಗೆ ಹೋಗಿದ್ದೆ. ಆದ್ರೆ ಅವರು ಮನೆಯವರ ಹಾಗೆ, ಸರ್."

ಕಲ್ಯಾಣದ ಜಯಶೀಲ ನಿವೃತ್ತ ಬ್ಯಾಂಕ್ ಅಧಿಕಾರಿ, ಪ್ರೇಮನಾಥರ ಹಳೆಯ ಸ್ನೇಹಿತ. ಯಾವ ಕತ್ತಿ ಯಾವ ಸೀಮೆಯದು ಎಂಬುದಕ್ಕೆ ಆ ಮನೆಯಲ್ಲಿ ಅವನ ಮಾತೇ ಕೊನೆಯದು. ಅವನ ಕ್ಯಾಮೆರಾವನ್ನು ಕಾನ್‌ಸ್ಟೆಬಲ್ ಮಯೂರ್ ಪರಿಶೀಲಿಸಿದ.

"ಸರ್, ಎಲ್ಲ ಕತ್ತಿದೂ ಫೋಟೋ ಇದೆ. ಗಾಯಬ್ ಆದದ್ದು ಮಾತ್ರ ಇಲ್ಲ."

"ಅದರ ಫೋಟೋ ಯಾಕೆ ತೆಗೀಲಿಲ್ಲ?" ಲೋಕನಾಥ ಜಯಶೀಲನನ್ನು ಕೇಳಿದರು.

"ಬೆಳಕು ಸರಿ ಇರ್ಲಿಲ್ಲ."

"ಪಕ್ಕದ ಕತ್ತಿಗೆ ಇತ್ತಲ್ಲ?"



ಪಂಚರ ಎದುರು ಜಯಶೀಲನ ಮನೆ ಶೋಧಿಸಿದಾಗ, ಅಡುಗೆಮನೆಯ ಅಟ್ಟದಲ್ಲಿ ಚಾದರ ಸುತ್ತಿಟ್ಟ ಶಾಶ್ಕಾ ಸಿಕ್ಕಿತು. ಮನೆಗಳವಿನ ಐಪಿಸಿ ೩೮೦ನೇ ಕಲಮಿನಡಿ ಅವನ ಬಂಧನವಾಯಿತು.

"ಇದು ಕಾಕಸಸ್ ಬೆಟ್ಟದ ಕಡೆಯದು ಅಂತ ಹೇಳಿ ಕೊಡಿಸಿದ್ದು ನಾನೇ," ಎಂದ ಅವನು. "ಆಮೇಲೆ ಗೊತ್ತಾಯ್ತು, ಅಲಗು ಡಾನ್ ನದಿ ಕಡೆಯದು, ಹಿಡಿ ಈಚೆಗೆ ಯಾರೋ ಕೂರಿಸಿದ್ದು. ಪ್ರದರ್ಶನಕ್ಕೆ ಪುಣೆಯಿಂದ ತಜ್ಞರು ಬರುವವರಿದ್ರು. ಎಲ್ಲರ ಎದುರು ನನಗೆ ಏನೂ ಗೊತ್ತಿಲ್ಲ ಅಂತಾಗ್ತಿತ್ತು."

"ಮರಗಮ್ಮನ ಹೆಸರು ಬಂದಾಗಲಾದರೂ ಹೇಳಬಹುದಿತ್ತು."

"ಫೋನ್ ಎತ್ತಿ ಎತ್ತಿ ಇಟ್ಟೆ, ಸರ್."

ಠಾಣೆಯ ಬಾಗಿಲ ಬಳಿ ನಿಂತಿದ್ದ ಪ್ರೇಮನಾಥರು ಅಂದರು: "ಅದು ಎಲ್ಲಿಯ ಕತ್ತಿಯಾದ್ರೆ ನಂಗೆಂತ? ನೀನು ಅಷ್ಟು ಖುಷಿಯಲ್ಲಿ ಹೇಳಿದಿ ಅಂತ ತಕ್ಕೊಂಡದ್ದು."



ಸಂಜೆ ಪ್ರೇಮನಾಥರು ಕ್ಷಮೆ ಕೇಳಲು ಮರಗಮ್ಮನ ಖೋಲಿಗೆ ಹೋದರು. ಆಕೆ ಬಾಗಿಲು ತೆರೆದಳು, ಮಾತು ಮುಗಿಯುವ ತನಕ ಕೇಳಿದಳು. ಒಳಗೆ ಕರೆಯಲಿಲ್ಲ.